ಕೊಪ್ಪದ ಮೇಷ್ಟ್ರಿಗೆ, ಮೊಮ್ಮಗನ ವೇಷದ ವಿಚಾರ

ಮೇಷ್ಟ್ರೇ ನಮಸ್ಕಾರ,

ನಿಮ್ಮ ಕಾಗದ ಬಂತು. ನಾಲ್ಕು ಪುಟ, ಅದರಲ್ಲಿ ಮೂರೂವರೆ ಬೈಗುಳ. ಪೂರ್ತಿ ಪ್ರಿಂಟ್ ಮಾಡೋಕೆ ಜಾಗ ಇಲ್ಲ, ಹಾಗಾಗಿ ಉಳಿದ ಓದುಗರಿಗೆ ಚಿಕ್ಕದಾಗಿ ಹೇಳ್ತೀನಿ: ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿರೋ ಮೊಮ್ಮಗ ಕಾಫಿ ಕೊಯ್ಲಿಗೆ ಬರ್ತೀನಿ ಅಂದೋನು ಬರ್ಲಿಲ್ಲ, ಜಪಾನಿನ ಯಾವುದೋ ಕಾರ್ಟೂನಿನ ಯೋಧನ ಡ್ರೆಸ್ ಹಾಕ್ಕೊಂಡು ಬೆಂಗಳೂರಿನ ಕಾಮಿಕ್ ಕಾನ್‌ಗೆ, ಅಂದ್ರೆ ಕಾಮಿಕ್ಸ್ ಕಾರ್ಟೂನ್ ಅಭಿಮಾನಿಗಳು ಸೇರೋ ಮೇಳಕ್ಕೆ ಹೋದ, ಫೋಟೋ ವಾಟ್ಸಾಪಲ್ಲಿ ಬಂತು. "ಇಪ್ಪತ್ತು ವರ್ಷದ ಗಂಡು ಛದ್ಮವೇಷ ಹಾಕುವುದಾ, ಅದರಲ್ಲಿ ಎಂತ ಸುಖ ಉಂಟು ಮಾರಾಯ್ರೇ" ಅಂತ ನಿಮ್ಮ ಪ್ರಶ್ನೆ.

ನಾನೂ ಹಾಗೇ ಅಂದ್ಕೊಂಡಿದ್ದೆ. ಎರಡು ವರ್ಷದ ಹಿಂದೆ ಅದೇ ಮೇಳಕ್ಕೆ ಅಕ್ಕನ ಮಗಳ ಬ್ಯಾಗ್ ಹೊರೋಕೆ ಅಂತ ಹೋಗಿದ್ದೆ, ಅಷ್ಟೇ. ಹುಡುಗಿ ಮೂಡಿಗೆರೆ ಕಡೆ ತೋಟದ ಮನೇಲಿ ಬೆಳೆದೋಳು, ಮದುವೆಮನೇಲಿ ಮೂಲೆ ಕುರ್ಚಿ ಹಿಡಿದು ಮೊಬೈಲ್ ನೋಡೋ ಪೈಕಿ. ಎರಡು ತಿಂಗಳು ರಾತ್ರಿ ಕೂತು ಕವಚ ಮಾಡಿದ್ಳು. ಹಳೇ ಯೋಗ ಮ್ಯಾಟು, ಫೋಮ್ ಶೀಟು ಕತ್ತರಿಸಿ ಹೀಟ್ ಗನ್ನಲ್ಲಿ ಬಿಸಿ ಮಾಡಿ ಬಗ್ಗಿಸಿ ಹಿಡಿದ್ರೆ ಆರೋ ಹೊತ್ತಿಗೆ ಅದೇ ಆಕಾರ ನಿಲ್ಲುತ್ತೆ, ಆಮೇಲೆ ಪೇಂಟ್ ಹೀರ್ಕೋಬಾರ್ದು ಅಂತ ಮೂರ್ನಾಲ್ಕು ಕೋಟು ಫೆವಿಕಾಲು, ಅದರ ಮೇಲೆ ಬಣ್ಣ. ಒಣಗೋಕೆ ಇಟ್ಟಿದ್ದು ಎಲ್ಲಿ? ಕಾಫಿ ಕಣದಲ್ಲಿ. ಒಂದು ಕಡೆ ಕಾಫಿ ಹಣ್ಣು, ಪಕ್ಕದಲ್ಲೇ ರಾಕ್ಷಸನ ಭುಜಕೀರ್ತಿ. ಕೆಲಸದ ಹೆಂಗಸರು ಅದಕ್ಕೊಂದು ಕೈ ಮುಗಿದು ಹೋಗ್ತಿದ್ರಂತೆ, ತಮಾಷೆಗೋ ಭಯಕ್ಕೋ.

ಅಲ್ಲಿ ಗೇಟಲ್ಲಿ ಕತ್ತಿ ಮುಟ್ಟಿ ನೋಡಿ, ಕಬ್ಬಿಣ ಅಲ್ಲ ಫೋಮೇ ಅಂತ ಖಾತ್ರಿ ಮಾಡ್ಕೊಂಡು ಒಳಗೆ ಬಿಟ್ರು. ಹತ್ತು ಹೆಜ್ಜೆ ಹೋಗಿಲ್ಲ, ಯಾವನೋ ಹುಡುಗ ಆ ಪಾತ್ರದ ಹೆಸರು ಕೂಗ್ತಾ ಓಡಿ ಬಂದ. ಇವಳ ಹೆಸರು, ಊರು, ಎಂತ ಓದ್ತಿದ್ದೀಯ, ಒಂದೂ ಕೇಳ್ಲಿಲ್ಲ. ಫೋಟೋ ತೆಗೀಬಹುದಾ ಅಂದ, ಭುಜದ ಪಟ್ಟಿ ಹೇಗೆ ನಿಲ್ಲಿಸಿದೆ ಅಂದ, ಇವಳು ಶುರು ಮಾಡಿದ್ಳು ನೋಡಿ, ಇಪ್ಪತ್ತು ನಿಮಿಷ ಬಾಯಿ ಮುಚ್ಚಲಿಲ್ಲ. ಊರಲ್ಲಿ ಆ ಕಥೆ ಗೊತ್ತಿರೋರು ಒಬ್ರೂ ಇರ್ಲಿಲ್ಲ ಮೇಷ್ಟ್ರೇ, ಐದು ವರ್ಷ ಒಬ್ಳೇ ನೋಡಿ ಒಬ್ಳೇ ಅತ್ತಿದ್ದ ಕಥೆ ಅದು. ಅದನ್ನ ಬಲ್ಲ ಅಷ್ಟೊಂದು ಜನ ಒಂದೇ ಸೂರಿನ ಕೆಳಗೆ, ವೇಷ ಇದ್ದಿದ್ರಿಂದ ದೂರದಿಂದಲೇ ಗೊತ್ತಾಗುತ್ತೆ ಇವಳು ನಮ್ಮೋಳು ಅಂತ. ಎಂತ ಸುಖ ಅಂದ್ರಲ್ಲ, ನನಗೆ ಕಂಡಿದ್ದು ಇದು.

ನಿಮಗೆ ಆ ಕಷ್ಟ ಇರ್ಲಿಲ್ಲ. ಯಕ್ಷಗಾನ ಬಯಲಾಟದಲ್ಲಿ ಕಿರೀಟ ಕಟ್ಟಿದೋನು ರಂಗಕ್ಕೆ ಬಂದ್ರೆ ಬಣ್ಣ ನೋಡೇ ಇಡೀ ಊರಿಗೆ ಗೊತ್ತು ಇವನ್ಯಾರು, ಮುಂದೆ ಎಂತ ಮಾಡ್ತಾನೆ ಅಂತ. ನಿಮ್ಮ ಮೊಮ್ಮಗನಿಗೂ ಅಂಥದ್ದೊಂದು ಊರು ಬೇಕು, ಅದನ್ನ ಬೆಂಗಳೂರಲ್ಲಿ ಎರಡು ಮೂರು ದಿನಕ್ಕೆ ಕಟ್ಟಿ ಬಿಚ್ತಾರೆ. ಒಂದು ವ್ಯತ್ಯಾಸ ಒಪ್ಕೋತೀನಿ, ಯಕ್ಷಗಾನದಲ್ಲಿ ವೇಷ ಕಟ್ಟಿದ ಮೇಲೆ ಕುಣೀಬೇಕು, ಅರ್ಥ ಹೇಳ್ಬೇಕು, ಇಲ್ಲಿ ಸುಮಾರು ಜನಕ್ಕೆ ಪೋಸ್ ಕೊಟ್ರೆ ಮುಗೀತು.

ಮತ್ತೆ ಇದು ಮೊಬೈಲಿಂದ ಬಂದ ಹುಚ್ಚು ಅಂದಿದ್ದೀರಿ. 1939ರ ಜುಲೈನಲ್ಲಿ ನ್ಯೂಯಾರ್ಕಲ್ಲಿ ವಿಜ್ಞಾನ ಕಥೆ ಓದೋರ ಮೊದಲ ವಿಶ್ವ ಸಮ್ಮೇಳನ ಆಯ್ತು, ಅಲ್ಲಿಗೆ ಫಾರೆಸ್ಟ್ ಆಕರ್‌ಮನ್, ಮರ್ಟಲ್ ಡಗ್ಲಸ್ ಅನ್ನೋ ಇಬ್ರು ಭವಿಷ್ಯದ ಕಾಲದ ಬಟ್ಟೆ ಹಾಕ್ಕೊಂಡು ಬಂದಿದ್ರು. ಇಬ್ಬರದ್ದೂ ಹೊಲಿದಿದ್ದು ಆಯಮ್ಮ, ಹೆಸರು ಜಾಸ್ತಿ ಬಂದಿದ್ದು ಅವನಿಗೆ, ಇರಲಿ, ಅದು ಎಲ್ಲಾ ಕಡೆ ಇದ್ದಿದ್ದೇ. ಮಾರನೇ ವರ್ಷ ಶಿಕಾಗೋ ಸಮ್ಮೇಳನದಲ್ಲಿ ವೇಷಕ್ಕೇ ಅಂತ ಒಂದು ಕಾರ್ಯಕ್ರಮ ಇಟ್ರು. ಹೀಗೆ ಪಾತ್ರದ ವೇಷ ಹಾಕೋದಕ್ಕೆ ಕಾಸ್‌ಪ್ಲೇ ಅನ್ನೋ ಹೆಸರು 1980ರ ದಶಕದಲ್ಲಿ ಜಪಾನಿನ ಪತ್ರಿಕೆಯಲ್ಲಿ ಹುಟ್ಟಿದ್ದು, ಅಂದ್ರೆ ತಪ್ಪು ನಮ್ಮ ಪತ್ರಿಕೆಯೋರದ್ದೇ. ಕಾಮಿಕ್ ಕಾನ್ ದೆಹಲಿಗೆ 2011ರಲ್ಲಿ ಬಂತು, ಬೆಂಗಳೂರಿಗೆ 2012ರಲ್ಲಿ.

ಸುಮ್ಮನೆ ಹೊಗಳ್ತಿಲ್ಲ ಮತ್ತೆ. ಟಿಕೆಟು ದುಬಾರಿ, ಒಳಗೆ ಅರ್ಧ ಸಂತೆ, ಟೀ ಶರ್ಟು ಕೀ ಚೈನು ಪೋಸ್ಟರು. ಸಂಜೆಗೆ ವಿಗ್ ಒಳಗೆಲ್ಲ ಬೆವರು, ಬಾತ್‌ರೂಮಿಗೆ ಹೋಗ್ಬೇಕಂದ್ರೆ ಅರ್ಧ ಕವಚ ಬಿಚ್ಬೇಕು. ಆಳು ಸಿಗದ ಕಾಲದಲ್ಲಿ ಕೊಯ್ಲಿಗೆ ಬರ್ತೀನಿ ಅಂದು ಕೈ ಕೊಟ್ಟಿದ್ದು ತಪ್ಪೇ, ಅದಕ್ಕೆ ಚೆನ್ನಾಗಿ ಬೈರಿ. ವೇಷಕ್ಕೆ ಬೈಬೇಡಿ.

ಯಾಕಂದ್ರೆ ನಾಲ್ಕನೇ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಬರೆದಿದ್ದೀರಿ, "ನಾನೂ ಹೈಸ್ಕೂಲಿನಲ್ಲಿರುವಾಗ ಅಭಿಮನ್ಯು ಕಟ್ಟಿದ್ದೆ, ಆದರೆ ಅದು ಕಲೆ" ಅಂತ. ಅದನ್ನ ಎರಡು ಸಲ ಓದಿದೆ. ಬಣ್ಣ ಹಚ್ಚೋ ಚೌಕಿಯಲ್ಲಿ ಕನ್ನಡಿ ಹಿಡ್ಕೊಂಡು ಮೊದಲ ಸಲ ಮುಖ ನೋಡ್ಕೊಂಡಾಗ ಎಂತ ಅನ್ನಿಸ್ತು ಅಂತ ನೀವು ಬರೀಲಿಲ್ಲ, ಅದನ್ನ ಮೊಮ್ಮಗನ ಹತ್ರ ಹೇಳಿ.

ನಮಗೂ ಒಂದು ಉಪಕಾರ ಆಗ್ಬೇಕು. ಅಭಿಮನ್ಯು ಅಂದ್ರೆ ತಲೆಗೆ ಬಟ್ಟೆ ಸುತ್ತಿ ಕಟ್ಟೋ ಕೇದಗೆ ಮುಂದಲೆ ತಾನೇ, ಬೆಳಗಿನ ತನಕ ಕುಣಿದ್ರೂ ತಲೆಯಿಂದ ಜಾರದ ಹಾಗೆ ಆ ಬಟ್ಟೆ ಎಲ್ಲಿಂದ ಸುತ್ತಿ ಎಲ್ಲಿ ಗಂಟು ಹಾಕ್ತಿದ್ರು ಅಂತ ವಿವರವಾಗಿ ಬರೆದು ಕಳಿಸಿ. ನಮ್ಮ ಹುಡುಗಿಯ ಹೆಲ್ಮೆಟ್ ಇನ್ನೂ ಜಾರ್ತಾ ಇದೆ.