ಆ ಮಗುವಿನ ಹೊಣೆ ಯಾರದು?

ಹಾವೇರಿ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: "ನನ್ನ ತಂಗಿಯ ಮಗನಿಗೆ 13 ವರ್ಷ, ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುವ ಡುಶೆನ್ ಸ್ನಾಯುಕ್ಷಯ ಎಂಬ ಕಾಯಿಲೆ. ನಮಗೆ ಬೇಕಿರುವುದು ಜಿಲ್ಲೆಗೊಂದು ದೊಡ್ಡ ಆಸ್ಪತ್ರೆಯೇ ಹೊರತು, ತಾವು ಬರೆದಂತೆ ಫೈಲು ಹಿಡಿದು ಓಡಾಡುವ ಇನ್ನೊಬ್ಬ ಸಂಯೋಜಕನಲ್ಲ. ನೋವು, ಸಂಕಟ ತಗ್ಗಿಸುವ ಉಪಶಾಮಕ ಆರೈಕೆಯ ಮಾತು ಕೊನೆಗಾಲಕ್ಕಿರಲಿ."

ಮಾನ್ಯರೇ,

ಆಸ್ಪತ್ರೆ ಬೇಕೆಂಬ ತಮ್ಮ ಬೇಡಿಕೆ ನ್ಯಾಯವಾದದ್ದೇ. ಆದರೆ ತಮ್ಮ ಪತ್ರದಲ್ಲೇ ಇನ್ನೊಂದು ಸಂಗತಿ ಇದೆ: ಹೃದಯದ ಪರೀಕ್ಷೆಗೆ ಮಂಗಳವಾರ, ಶ್ವಾಸಕೋಶದ ಪರೀಕ್ಷೆಗೆ ಶುಕ್ರವಾರ ಬರಹೇಳಿದ್ದರಿಂದ ತಂಗಿಯವರು ಮಗನನ್ನು ಎತ್ತಿಕೊಂಡು ಒಂದೇ ವಾರದಲ್ಲಿ ಎರಡು ಸಲ ಅದೇ ದೊಡ್ಡ ಆಸ್ಪತ್ರೆಗೆ ಅಲೆದರು. ಅಲ್ಲಿ ತಜ್ಞರಿದ್ದರು, ಯಂತ್ರಗಳಿದ್ದವು. ಎರಡನ್ನೂ ಒಂದೇ ದಿನಕ್ಕೆ ಹೊಂದಿಸಿಕೊಡುವವರು ಮಾತ್ರ ಇರಲಿಲ್ಲ.

ಈ ಕಾಯಿಲೆಯ ಮಕ್ಕಳಿಗೆ ಕೊಡುವ ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ. ಅರಿವಳಿಕೆ ಕೊಡುವಾಗ ಸ್ನಾಯುಗಳನ್ನು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ಬಳಸಿದರೆ ಹೃದಯವೇ ನಿಲ್ಲಬಹುದು. ಉಸಿರಾಟ ಕುಂದಿದಾಗ ಯಂತ್ರದ ಆಸರೆಯಿಲ್ಲದೆ ಬರೀ ಆಮ್ಲಜನಕ ಕೊಡುವುದೂ ಅಪಾಯಕರ. ಇವೆಲ್ಲ ತಜ್ಞರಿಗೆ ತಿಳಿದ ವಿಷಯಗಳು. ಆದರೆ ಹುಡುಗ ಬಿದ್ದು ಮೂಳೆ ಮುರಿದುಕೊಂಡ ರಾತ್ರಿ ತಾಲ್ಲೂಕು ಆಸ್ಪತ್ರೆಯಲ್ಲಿ ಪಾಳಿಯ ಮೇಲಿರುವ ಕಿರಿಯ ವೈದ್ಯರಿಗೆ ಇವನ್ನು ಹೇಳುವವರು ಯಾರು? ಧಾರವಾಡದ ಕಡೆಯ ತಾಯಿಯೊಬ್ಬರು ಈ ಮೂರನ್ನೂ ಕೆಂಪು ಶಾಯಿಯಲ್ಲಿ ಬರೆದು, ವರದಿಗಳ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡಿರುವುದನ್ನು ನಾನು ನೋಡಿದ್ದೇನೆ. ಏಳನೆಯ ತರಗತಿಯವರೆಗೆ ಓದಿದ ಆ ತಾಯಿ ಮಾಡುತ್ತಿರುವ ಈ ಕೆಲಸಕ್ಕೆ ಸರ್ಕಾರದಲ್ಲಿ ಒಂದು ಹುದ್ದೆ ಇರಬೇಕಿತ್ತು.

"ಕೊನೆಗಾಲಕ್ಕಿರಲಿ" ಎಂದಿರಲ್ಲ, ಅದನ್ನಂತೂ ಒಪ್ಪಲಾರೆ. ಮಕ್ಕಳ ಉಪಶಾಮಕ ಆರೈಕೆ ರೋಗ ಪತ್ತೆಯಾದ ದಿನದಿಂದಲೇ, ಚಿಕಿತ್ಸೆಯ ಜೊತೆಜೊತೆಗೇ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. 1982ರಲ್ಲಿ ಸಿಸ್ಟರ್ ಫ್ರಾನ್ಸಿಸ್ ಡೊಮಿನಿಕಾ ಆಕ್ಸ್‌ಫರ್ಡ್‌ನಲ್ಲಿ ಇಂಥ ಮಕ್ಕಳ ಆರೈಕೆಗೆಂದೇ ಹೆಲೆನ್ ಹೌಸ್ ತೆರೆದಾಗ ಅವರ ಕಣ್ಣೆದುರಿಗಿದ್ದದ್ದು ಹಗಲಿರುಳು ಮಗುವಿನ ಚಾಕರಿ ಮಾಡಿ ದಣಿದ ತಂದೆತಾಯಿ. ಅವರಿಗೆ ಕೆಲವು ದಿನ ಬಿಡುವು ಕೊಡುವುದೂ ಅಲ್ಲಿ ಆರೈಕೆಯ ಭಾಗವೇ ಆಗಿತ್ತು. ಇಂಥ ಪ್ರತಿ ಮಗುವಿನ ಆರೈಕೆಯನ್ನು ಹೆಸರಿಸಿದ ಒಬ್ಬ ತಜ್ಞರು ಮುನ್ನಡೆಸಿ ಹೊಂದಿಸಬೇಕೆಂದು ಇಂಗ್ಲೆಂಡಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಹೇಳುತ್ತದೆ.

ನಮ್ಮಲ್ಲಿ ಯೋಜನೆಗಳಿಗೇನು ಬರವಿಲ್ಲ. ಹುಟ್ಟಿನಿಂದ 18ರವರೆಗಿನ ಮಕ್ಕಳ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸ್ನಾಯುಕ್ಷಯವನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಶಾಲೆಗೆ ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣವಿದೆ. ಆದರೆ ಆರೋಗ್ಯ, ಶಿಕ್ಷಣ, ಅಂಗವಿಕಲರ ಕಲ್ಯಾಣ ಎಂದು ಇಲಾಖೆಗಳು ಬೇರೆಬೇರೆಯಾಗಿ, ಒಂದೊಂದು ಕಚೇರಿಯೂ ಅದೇ ಪ್ರಮಾಣಪತ್ರದ ಜೆರಾಕ್ಸನ್ನು ಹೊಸದಾಗಿ ಕೇಳುತ್ತದೆ. 18 ತುಂಬಿದೊಡನೆ ಮಕ್ಕಳ ವಿಭಾಗದ ಬಾಗಿಲೂ ಮುಚ್ಚುತ್ತದೆ. ಉಸಿರಾಟ ಮತ್ತು ಹೃದಯದ ತೊಂದರೆಗಳು ಹೆಚ್ಚುವ ವಯಸ್ಸಿನಲ್ಲೇ ಕುಟುಂಬ ಹೊಸ ವೈದ್ಯರೆದುರು ಇಡೀ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಕಟ್ಟಡಕ್ಕೆ ಶಂಕುಸ್ಥಾಪನೆಯಾಗುತ್ತದೆ, ಕಲ್ಲಿನ ಮೇಲೆ ಹೆಸರುಗಳು ಬರುತ್ತವೆ. ಮನೆಮನೆಗೆ ಫೋನು ಮಾಡಿ ದಿನಾಂಕ ಹೊಂದಿಸುವ ಒಬ್ಬ ನರ್ಸಿನ ಸಂಬಳಕ್ಕೆ ಮಾತ್ರ ಯಾವ ಬಜೆಟ್ಟಿನಲ್ಲೂ ಜಾಗವಿರುವುದಿಲ್ಲ.

ತಾವು ಪತ್ರ ಬರೆಯಬಲ್ಲವರು, ಅಧಿಕಾರಿಗಳೆದುರು ಮಾತನಾಡಬಲ್ಲವರು. ಶಾಸಕರಿಗೆ ಕೊಡಲಿರುವ ಮನವಿಯಲ್ಲಿ ಆಸ್ಪತ್ರೆಯ ಜೊತೆಗೆ, ಜಿಲ್ಲಾಸ್ಪತ್ರೆಯಲ್ಲಿ ಈ ಒಂದು ಹುದ್ದೆಯನ್ನೂ ದಯವಿಟ್ಟು ಕೇಳಿ.

— ಸಂಪಾದಕ