ಮೊಬೈಲಲ್ಲಿ ಯಕ್ಷಗಾನದ ಫೋಟೊ ತೆಗೆಯಲು ಯಾವ ಆ್ಯಪ್, ಯಾವ ಲೆನ್ಸ್ ಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕೈಯಲ್ಲಿ 20 ಸಾವಿರದ ಆಸುಪಾಸಿನ ಆಂಡ್ರಾಯ್ಡ್ ಫೋನಿದೆ. ಡಿಸೆಂಬರಿನಲ್ಲಿ ಕುಂದಾಪುರದ ಕಡೆ ಊರಿಗೆ ಬರುತ್ತೀರಿ, ಬಯಲಾಟದ ಫೋಟೊ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುವ ಆಸೆ. ಯಾವ ಆ್ಯಪ್ ಬೇಕು, ಫೋನಿಗೆ ಸಿಕ್ಕಿಸುವ ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವುದು), ಗಿಂಬಲ್ (ಫೋನು ಅಲುಗದಂತೆ ಹಿಡಿಯುವ ಹಿಡಿಕೆ) ಕೊಳ್ಳಬೇಕೇ, ಫೋಟೊದ ಮೇಲೆ ವಾಟರ್‌ಮಾರ್ಕ್ ಹಾಕಬೇಕೇ?

ಲೆನ್ಸೂ ಬೇಡ, ಗಿಂಬಲ್ಲೂ ಬೇಡ. ಆ ದುಡ್ಡಲ್ಲಿ ಒಂದು ಒಳ್ಳೆಯ ಪವರ್ ಬ್ಯಾಂಕ್ ತಗೊಳ್ಳಿ, ಉಳಿದದ್ದನ್ನು ಆಟದ ಗದ್ದೆಯ ಚುರುಮುರಿಗೆ ಖರ್ಚು ಮಾಡಿ. ಮತ್ತೆ, ಅರ್ಧ ರಾತ್ರಿಯನ್ನಾದರೂ ರಂಗಸ್ಥಳದ ಎದುರಲ್ಲಿ ಕಳೆಯುವ ಬದಲು ಚೌಕಿಯಲ್ಲಿ, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ, ಕಳೆಯಿರಿ. ನಾನು ಇದೇ ಕಡೆಯವನು. ಮೇಳಗಳ (ಯಕ್ಷಗಾನ ತಂಡಗಳ) ತಿರುಗಾಟ ಶುರುವಾದರೆ ಮೇ ತಿಂಗಳ ಕೊನೆಯವರೆಗೂ ರಾತ್ರಿ ನಿದ್ದೆ ಅಷ್ಟಕ್ಕಷ್ಟೆ. ಒಳ್ಳೆಯದು ಅಂತ ಅನ್ನಿಸಿ ಉಳಿಸಿಕೊಂಡ ಮೊಬೈಲ್ ಫೋಟೊಗಳೆಲ್ಲ ಹೆಚ್ಚುಕಡಿಮೆ ಚೌಕಿಯವೇ.

ಕಾರಣ ಹೇಳುತ್ತೇನೆ. ಫೋನಿನ ಮುಖ್ಯ ಲೆನ್ಸು ಅಗಲದ ಲೆನ್ಸು, ಹಳೆಯ ಕ್ಯಾಮೆರಾ ಲೆಕ್ಕದಲ್ಲಿ 24–26 ಮಿ.ಮೀ. ಆಸುಪಾಸು. ಪ್ರೇಕ್ಷಕರ ನಡುವೆ ಕೂತು ತೆಗೆದರೆ ವೇಷಧಾರಿ ಹೆಬ್ಬೆರಳಷ್ಟು ಕಾಣುತ್ತಾನೆ, ಸುತ್ತ ಎದುರಿನವರ ತಲೆ, ಬ್ಯಾನರ್, ಟ್ಯೂಬ್‌ಲೈಟು. ಝೂಮ್ ಮಾಡಿದಿರೋ, ನಿಮ್ಮ ಬೆಲೆಯ ಫೋನುಗಳಲ್ಲಿ ಅದು ಬಹುಪಾಲು ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸುವುದಷ್ಟೆ. 50 ಮೆಗಾಪಿಕ್ಸೆಲ್ ಅಂತ ಪೆಟ್ಟಿಗೆಯ ಮೇಲೆ ಬರೆದಿರುತ್ತದಲ್ಲ, ಕತ್ತಲಲ್ಲಿ ಅದನ್ನು ನಂಬಬೇಡಿ. ಆ ಸೆನ್ಸರ್ ನಾಲ್ಕು ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿಸಿ ಸುಮಾರು 12 ಮೆಗಾಪಿಕ್ಸೆಲ್ಲಿನ ಚಿತ್ರ ಕೊಡುವುದಕ್ಕೇ ಮಾಡಿದ್ದು. ರಾತ್ರಿ ಹೊತ್ತು ಪೂರ್ತಿ 50ರ ಮೋಡ್ ಹಾಕಿದರೆ ಫೈಲು ದೊಡ್ಡದಾಗುತ್ತದೆ, ಜೊತೆಗೆ ಹರಳು ಹರಳು ನಾಯ್ಸೂ ದೊಡ್ಡದಾಗುತ್ತದೆ.

ಕ್ಲಿಪ್ ಟೆಲಿ ಲೆನ್ಸಿನ ಕಥೆ ಇನ್ನೂ ಕಷ್ಟ. ಫೋನಿನ ಪುಟಾಣಿ ಲೆನ್ಸಿನ ಮೇಲೆ ಅದು ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ಸ್ವಲ್ಪ ಜಾರಿದರೂ ಒಂದು ಮೂಲೆ ಕಪ್ಪು, ಇನ್ನೊಂದು ಮೂಲೆ ಮಸುಕು. ಎರಡು ಮೂರು ಕ್ಯಾಮೆರಾ ಇರುವ ಫೋನಾದರೆ ಯಾವ ಕ್ಯಾಮೆರಾ ಬಳಸುವುದೆಂದು ಫೋನೇ ತೀರ್ಮಾನಿಸುವುದುಂಟು. ನೀವು ಒಂದರ ಮೇಲೆ ಸಿಕ್ಕಿಸಿರುತ್ತೀರಿ, ಅದು ಇನ್ನೊಂದರಿಂದ ನೋಡುತ್ತಿರುತ್ತದೆ. ಹಗಲಲ್ಲಿ ಹೂವು, ಹುಳ ತೆಗೆಯಲು ಕ್ಲಿಪ್ ಮ್ಯಾಕ್ರೊ ಲೆನ್ಸ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದನ್ನು ಬೇಕಾದರೆ ತಗೊಳ್ಳಿ. ಗಿಂಬಲ್ ವಿಡಿಯೊದವರಿಗೆ. ನಿಮ್ಮ ಕೈ ನಡುಗುವುದನ್ನು ಅದು ತಡೆಯುತ್ತದೆ, ಎದುರಿಗೆ ಕುಣಿಯುವವರ ಕಾಲನ್ನು ತಡೆಯಲಾರದು.

ಇನ್ನು ಚೌಕಿ. ಇಲ್ಲಿ ಫೋನಿನ ದೋಷವೇ ಗುಣ. ಜಾಗ ಇಕ್ಕಟ್ಟು, ಸಾಲಾಗಿ ಪೆಟ್ಟಿಗೆ, ಪ್ರತಿಯೊಬ್ಬರ ಎದುರೂ ಕನ್ನಡಿ. ಅಗಲದ ಲೆನ್ಸು ಬೇಕಾದದ್ದೇ ಇಲ್ಲಿ. ಎರಡಡಿ ದೂರದಿಂದ ಮುಖವೂ ಸಿಗುತ್ತದೆ, ಹಿಂದೆ ಗೆಜ್ಜೆ ಕಟ್ಟಿಕೊಳ್ಳುವವರೂ ಸಿಗುತ್ತಾರೆ. ದೊಡ್ಡ ಕ್ಯಾಮೆರಾ ನೋಡಿದರೆ ಭಂಗಿ ಕೊಡುವ ಕಲಾವಿದರು ಫೋನನ್ನು ಗಮನಿಸುವುದೂ ಇಲ್ಲ.

ಮೊದಲು ಶಿಸ್ತಿನ ಮಾತು. ಚೌಕಿಯಲ್ಲಿ ಮೇಳದ ದೇವರಿರುತ್ತಾರೆ, ಪೂಜೆಯಾಗುತ್ತದೆ. ಚಪ್ಪಲಿ ಹೊರಗೆ ಬಿಟ್ಟು, ಮೇಳದ ಮ್ಯಾನೇಜರ ಹತ್ತಿರ ಕೇಳಿಯೇ ಒಳಗೆ ಹೋಗಿ. ಫ್ಲಾಶ್ ಬೇಡವೇ ಬೇಡ. ಕಿಸೆಯಲ್ಲಿಡುವ ಸಣ್ಣ ಎಲ್‌ಇಡಿ ದೀಪಗಳು ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತವೆ, ಅದನ್ನೂ ಅಲ್ಲಿ ಹಚ್ಚಬೇಡಿ. ಕನ್ನಡಿಯಲ್ಲಿ ಬಣ್ಣದ ಹದ ನೋಡಿಕೊಂಡು ಕಣ್ಣಿನ ಗೆರೆ ಎಳೆಯುತ್ತಿರುವವರ ಮೇಲೆ ನಿಮ್ಮ ಬಿಳಿ ಬೆಳಕು ಬಿದ್ದರೆ ಅವರ ಲೆಕ್ಕವೆಲ್ಲ ತಪ್ಪುತ್ತದೆ. ಬಟ್ಟೆ ಬದಲಿಸುವ ಹೊತ್ತಿಗೆ ಫೋನ್ ಕಿಸೆಗೆ ಇಳಿಯಲಿ, ಯಾರೂ ಹೇಳಬೇಕಿಲ್ಲ.

ಕೂರುವ ಜಾಗ ಮುಖ್ಯ. ಚೌಕಿಯ ಬೆಳಕು ಸಾಮಾನ್ಯವಾಗಿ ತಲೆಯ ಮೇಲಿನಿಂದ ಬರುತ್ತದೆ, ಹಾಗಾಗಿ ನಿಂತು ತೆಗೆದರೆ ಕಣ್ಣಿನ ಗುಳಿಯಲ್ಲಿ ಕತ್ತಲು. ನೆಲದ ಮೇಲೆ, ಕನ್ನಡಿಯ ಪಕ್ಕ ಕುಳಿತುಕೊಳ್ಳಿ. ಬಣ್ಣ ಹಚ್ಚುವಾಗ ಅವರು ಗಲ್ಲ ಎತ್ತುತ್ತಾರೆ, ಆಗ ಮುಖಪೂರ್ತಿ ಬೆಳಕು ತುಂಬುತ್ತದೆ, ಕನ್ನಡಿಯಿಂದ ಮರಳಿದ ಬೆಳಕೂ ಕೆನ್ನೆಗೆ ಬೀಳುತ್ತದೆ. ಕಡ್ಡಿಯ ತುದಿ ರೆಪ್ಪೆಯ ಹತ್ತಿರ ಬಂದಾಗ ಉಸಿರು ಹಿಡಿದು ಕೈ ನಿಲ್ಲಿಸುತ್ತಾರೆ, ಒಂದು ಕ್ಷಣ. ಶಟರ್ ಒತ್ತಬೇಕಾದದ್ದು ಆಗ. ಸೌಕೂರು, ಮಂದಾರ್ತಿ ಕಡೆ ನೀವು ನೋಡುವುದು ಬಡಗುತಿಟ್ಟು, ಅಂದರೆ ಯಕ್ಷಗಾನದ ಉತ್ತರದ ಶೈಲಿ. ಅಲ್ಲಿ ಮುಂಡಾಸು ಕಟ್ಟುವುದನ್ನು ಬಿಡಬೇಡಿ. ಮಂಗಳೂರು, ಕಾಸರಗೋಡಿನ ಕಡೆ ಹೋಗುವಿರಾದರೆ ತೆಂಕಿನ (ದಕ್ಷಿಣದ ಶೈಲಿಯ) ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಕಾಯಿರಿ. ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡುತ್ತಾರೆ, ಗಂಟೆಗಟ್ಟಲೆ ಹಿಡಿಯುತ್ತದೆ. ಹತ್ತಿರದಿಂದ ತೆಗೆದರೆ ಮುಳ್ಳುಮುಳ್ಳಾಗಿ ಎದ್ದು ನಿಂತ ಆ ಬಿಳಿ ಚುಕ್ಕೆಗಳ ನೆರಳು ಕೂಡ ಫೋನಿನಲ್ಲಿ ಬರುತ್ತದೆ.

ಪೋರ್ಟ್ರೇಟ್ ಮೋಡ್ ಹಾಕಬೇಡಿ. ಹಿನ್ನೆಲೆ ಮಸುಕು ಮಾಡುವುದು ಅಲ್ಲಿ ಲೆನ್ಸಲ್ಲ, ಸಾಫ್ಟ್‌ವೇರು. ಮನುಷ್ಯನ ತಲೆ ಅಂದರೆ ಉರುಟಾಗಿರಬೇಕು ಎಂದು ಅದು ತಿಳಿದಿರುವಂತಿದೆ, ಕೇದಗೆ ಮುಂದಲೆ ಎಂಬ ತಲೆಯುಡುಗೆಯ ತುದಿಯನ್ನೋ ಹೆಗಲ ಮೇಲಿನ ಭುಜಕೀರ್ತಿಯ ಅಂಚನ್ನೋ ಹಿನ್ನೆಲೆ ಎಂದುಕೊಂಡು ಅಳಿಸಿಬಿಡುತ್ತದೆ. ನೈಟ್ ಮೋಡ್ ಕೂಡ ಹಾಗೆಯೇ: ಒಂದೆರಡು ಸೆಕೆಂಡಿನಲ್ಲಿ ತೆಗೆದ ಹಲವು ಚಿತ್ರಗಳನ್ನು ಹೊಲಿದು ಒಂದು ಮಾಡುತ್ತದೆ. ದೇವಸ್ಥಾನದ ಗೋಪುರಕ್ಕೆ ಚೆನ್ನ. ಕೈಕಾಲು ಆಡಿಸುವವರಿಗೆ ಮೂರು ಕೈ ಬರುತ್ತದೆ.

ಆದರೂ ರಂಗಸ್ಥಳದ ಫೋಟೊ ಬೇಕೇ ಬೇಕು ಎನ್ನುವಿರಾದರೆ, ಆ್ಯಪಿನ ಪ್ರಶ್ನೆ ಅಲ್ಲಿ ಬರುತ್ತದೆ. ಮೊದಲು ನಿಮ್ಮ ಫೋನಿನದೇ ಕ್ಯಾಮೆರಾದಲ್ಲಿ ಪ್ರೋ ಮೋಡ್ ಇದೆಯಾ ನೋಡಿ. ಅದರಲ್ಲಿ ಶಟರ್ ವೇಗ (ಎಷ್ಟು ಹೊತ್ತು ಬೆಳಕು ಒಳಗೆ ಬಿಡಬೇಕೆಂಬುದು) ಬದಲಿಸಲು ಬಂದರೆ ಬೇರೆ ಆ್ಯಪ್ ಬೇಕಿಲ್ಲ. ಬಾರದಿದ್ದರೆ ಓಪನ್ ಕ್ಯಾಮೆರಾ ಹಾಕಿಕೊಳ್ಳಿ. ಪುಕ್ಕಟೆ, ಓಪನ್ ಸೋರ್ಸ್. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ2 ಎಪಿಐ ಆನ್ ಮಾಡಿದರೆ ಶಟರ್, ಐಎಸ್ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಎಂಬುದು), ವೈಟ್ ಬ್ಯಾಲೆನ್ಸ್ (ದೀಪದ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಕೈಗೆ ಸಿಗುತ್ತವೆ. ಕೆಲವು ಕಂಪನಿಗಳು ಬೇರೆ ಆ್ಯಪ್‌ಗಳಿಗೆ ಈ ಬಾಗಿಲು ತೆರೆಯುವುದಿಲ್ಲ, ಹಾಗಿದ್ದರೆ ಆ್ಯಪ್ ಬದಲಿಸಿ ಪ್ರಯೋಜನವಿಲ್ಲ.

ಶಟರನ್ನು 1/100 ಸೆಕೆಂಡಿಗೆ ಇಡಿ. ಸುಮ್ಮನೆ ಹೇಳುವ ಸಂಖ್ಯೆಯಲ್ಲ ಇದು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ. ಫೋನಿನ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ, ಶಟರ್ 1/180 ಅಂತಲೋ 1/250 ಅಂತಲೋ ಇದ್ದರೆ ಕೆಲವು ಸಾಲು ಬೆಳಕಿನಲ್ಲಿ, ಕೆಲವು ಮಬ್ಬಿನಲ್ಲಿ ಸಿಕ್ಕಿಬಿದ್ದು ಫೋಟೊದ ತುಂಬ ಅಡ್ಡಪಟ್ಟೆ. 1/100 ಅಥವಾ 1/50 ಇಟ್ಟರೆ ಪ್ರತಿ ಸಾಲಿಗೂ ಪೂರ್ತಿ ಮಿಣುಕು ಸಿಗುತ್ತದೆ, ಪಟ್ಟೆ ಹೋಗುತ್ತದೆ. ಬಣ್ಣ ಬದಲಿಸುವ ರಂಗದ ದೀಪಗಳು ತಮ್ಮದೇ ವೇಗದಲ್ಲಿ ಮಿಣುಕುವುದರಿಂದ ಅಲ್ಲಿ ಒಮ್ಮೊಮ್ಮೆ ಇದೂ ಕೈಕೊಡುತ್ತದೆ. ಆಗ 1/50ಕ್ಕೆ ಇಳಿದು ನೋಡಿ.

1/100ರಲ್ಲಿ ದಿಗಿಣ (ಹಾರಿ ಸುತ್ತುವ ಕುಣಿತ) ಸ್ಪಷ್ಟವಾಗಿ ನಿಲ್ಲುವುದಿಲ್ಲವಲ್ಲ ಅಂತ ಕೇಳಬಹುದು. ನಿಲ್ಲುವುದಿಲ್ಲ. ಆದರೆ ಯಕ್ಷಗಾನ ಕೊಡುವ ಅನುಕೂಲ ಕ್ರಿಕೆಟ್ಟು ಕೊಡುವುದಿಲ್ಲ: ಎಲ್ಲಿ ನಿಲ್ಲುತ್ತಾರೆಂದು ಚೆಂಡೆ ಮೊದಲೇ ಹೇಳುತ್ತದೆ. ಮುಕ್ತಾಯ ಬರುವುದು ಕಿವಿಗೆ ಗೊತ್ತಾಗುತ್ತದೆ, ಕೊನೆಯ ಪೆಟ್ಟಿಗೆ ವೇಷ ಕಲ್ಲಿನಂತೆ ನಿಲ್ಲುತ್ತದೆ. ಅದಕ್ಕೂ ಅರ್ಧ ಸೆಕೆಂಡು ಮುಂಚೆ ಬರ್ಸ್ಟ್ (ಸಾಲಾಗಿ ಹಲವು ಚಿತ್ರ ತೆಗೆಯುವ ಆಯ್ಕೆ) ಒತ್ತಿ ಹಿಡಿಯಿರಿ, ಅಷ್ಟರಲ್ಲಿ ಒಂದಾದರೂ ಸ್ಪಷ್ಟವಾಗಿ ಬರುತ್ತದೆ. ಹಾರಿದಾಗಲೂ ಅಷ್ಟೆ, ಮೇಲೇರಿ ಕೆಳಗಿಳಿಯುವ ಮುನ್ನ ತುದಿಯಲ್ಲಿ ವೇಗವೇ ಇರುವುದಿಲ್ಲ. ಪ್ರಸಂಗ ಗೊತ್ತಿದ್ದವರಿಗೆ, ಭಾಗವತರ ಪದ ಕೇಳಿಸಿಕೊಳ್ಳುವವರಿಗೆ ಇಲ್ಲಿ ಲೆನ್ಸು ಇದ್ದವರಿಗಿಂತ ಹೆಚ್ಚು ಸಿಗುತ್ತದೆ. ಮಂಡಿ ಹಾಕುವಾಗ, ಅಂದರೆ ಮೊಣಕಾಲ ಮೇಲೆ ಸುತ್ತುವಾಗ, ಮಾತ್ರ ಬೇಕೆಂದೇ 1/25ಕ್ಕೆ ಇಳಿಸಿ. ಮುಖ ಹೋಗುತ್ತದೆ, ಸುತ್ತುವ ಬಣ್ಣ ಉಳಿಯುತ್ತದೆ. ಹತ್ತರಲ್ಲಿ ಒಂಬತ್ತು ಅಳಿಸಲು ಸಿದ್ಧರಿರಿ.

ಇನ್ನೊಂದು ರಗಳೆ ಕೆಂಪು. ಕೆಂಪು ದಗಲೆ (ವೇಷದ ಅಂಗಿ), ಕೆಂಪು ಚೌಕಳಿಯ ಕಸೆ ಸೀರೆ, ಮೇಲಿಂದ ಎಲ್‌ಇಡಿ ಬೆಳಕು. ಫೋನಿನಲ್ಲಿ ಕೆಂಪು ಉಕ್ಕಿ ಹರಿದು ಬಟ್ಟೆಯ ನೆರಿಗೆಯೆಲ್ಲ ಮಾಯವಾಗಿ ಬರೀ ಕೆಂಪು ಮುದ್ದೆ ಉಳಿಯುತ್ತದೆ. ತೆಗೆಯುವಾಗಲೇ ಬೆಳಕನ್ನು ಒಂದು ಸ್ಟಾಪಿನಷ್ಟು, ಅಂದರೆ ಅರ್ಧಕ್ಕೆ, ಇಳಿಸಿ. ಹಲವು ಫೋನುಗಳಲ್ಲಿ ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದರೆ ಸೂರ್ಯನ ಗುರುತು ಬರುತ್ತದೆ, ಅದನ್ನು ಕೆಳಗೆಳೆದರೆ ಆಯಿತು. ಕತ್ತಲಾಗಿ ಕಂಡದ್ದನ್ನು ಆಮೇಲೆ ಎತ್ತಬಹುದು, ಉಕ್ಕಿಹೋದ ಕೆಂಪನ್ನು ವಾಪಸು ತರಲಾಗದು. ಸಾಧ್ಯವಿದ್ದರೆ ರಾ ಫೈಲ್ (ಸೆನ್ಸರ್ ಕಂಡ ಹಸಿ ಮಾಹಿತಿ) ಕೂಡ ಉಳಿಸಿಕೊಳ್ಳಿ, ಒಂದೊಂದು 25 ಎಂಬಿಯಷ್ಟು ಜಾಗ ತಿನ್ನುತ್ತದೆ. ಲೈಟ್‌ರೂಮ್ ಮೊಬೈಲ್ ಆ್ಯಪಿನ ಒಳಗೇ ರಾ ತೆಗೆಯುವ ಕ್ಯಾಮೆರಾ ಇದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ತಿದ್ದಲು ನಾನು ಇಂದಿಗೂ ಸ್ನ್ಯಾಪ್‌ಸೀಡನ್ನೇ ಬಳಸುವುದು. 2011ರಲ್ಲಿ ನಿಕ್ ಸಾಫ್ಟ್‌ವೇರ್ ಎಂಬ ಕಂಪನಿ ಐಪ್ಯಾಡಿಗೆಂದು ಮಾಡಿದ್ದು, 2012ರಲ್ಲಿ ಗೂಗಲ್ ಆ ಕಂಪನಿಯನ್ನೇ ಕೊಂಡಿತು. ಜಾಹೀರಾತಿಲ್ಲ, ಚಂದಾ ಇಲ್ಲ. ಅದರ ಸೆಲೆಕ್ಟಿವ್ ಎಂಬ ಸಾಧನ ಸಾಕು: ಮುಖದ ಮೇಲೆ ಚುಕ್ಕೆ ಇಟ್ಟು ಅಷ್ಟನ್ನೇ ತಿಳಿ ಮಾಡಬಹುದು, ಕೆಂಪು ದಗಲೆಯ ಮೇಲೆ ಇಟ್ಟು ಅಷ್ಟರದ್ದೇ ಬಣ್ಣ ಇಳಿಸಬಹುದು. ಸ್ಟ್ರಕ್ಚರ್ ಮತ್ತು ಎಚ್‌ಡಿಆರ್ ಸ್ಕೇಪ್ ಕಂಡರೆ ಮಾತ್ರ ದೂರ ಓಡಿ. ನುಣ್ಣಗೆ ಹಚ್ಚಿದ ಬಣ್ಣವನ್ನು ಅವು ಬಿರುಕುಬಿಟ್ಟ ಗೋಡೆ ಮಾಡುತ್ತವೆ. ಹಿಂದಿನ ಟ್ಯೂಬ್‌ಲೈಟು, ಮೈಕಿನ ವೈರು ಅಳಿಸುವ ಎಐ ಸಾಧನಗಳೂ ಈಗ ಹಲವು ಫೋನುಗಳಲ್ಲಿ ಬಂದಿವೆ. ನಾನು ಅಳಿಸುವುದಿಲ್ಲ. ಗದ್ದೆಯಲ್ಲಿ ನಡೆದ ಆಟ ಗದ್ದೆಯಲ್ಲಿ ನಡೆದಂತೆಯೇ ಕಾಣಲಿ.

ಆ್ಯಕ್ಸೆಸರಿ ಅಂತ ಕೇಳಿದ್ದಕ್ಕೆ: ಪವರ್ ಬ್ಯಾಂಕ್ ಹೇಳಿದೆ. ಕನ್ನಡಕ ಒರೆಸುವ ಬಟ್ಟೆಯ ತುಂಡು ಅದಕ್ಕಿಂತ ಮುಖ್ಯ. ಕರಾವಳಿಯ ಸೆಕೆಗೆ ಬೆವರಿನ ಬೆರಳಚ್ಚು ಲೆನ್ಸಿನ ಮೇಲೆ ಕೂತರೆ ಪ್ರತಿ ದೀಪದಿಂದಲೂ ಗೆರೆ ಹೊರಡುತ್ತದೆ. ಮೊಣಕಾಲೆತ್ತರದ ಸಣ್ಣ ಟ್ರೈಪಾಡ್ ಚೌಕಿಯಲ್ಲಿ ಒಂದು ಕೆಲಸಕ್ಕೆ ಬರುತ್ತದೆ, ಅದನ್ನು ಈಗ ಹೇಳುತ್ತೇನೆ.

ಹಂಚಿಕೊಳ್ಳುವ ವಿಷಯ. ಇನ್‌ಸ್ಟಾಗ್ರಾಮಿನಲ್ಲಿ ಯಕ್ಷಗಾನದ ಬಿಡಿ ಫೋಟೊ ಸಾವಿರ ಇವೆ, ನಿಮ್ಮದೂ ಒಂದು ಸೇರಿ ಮುಳುಗುತ್ತದೆ. ಒಬ್ಬರೇ ಕಲಾವಿದರನ್ನು ಬರಿಮುಖದಿಂದ ಕಿರೀಟದವರೆಗೆ ಒಂದೇ ಜಾಗದಿಂದ, ಒಂದೇ ಚೌಕಟ್ಟಿನಲ್ಲಿ ತೆಗೆಯಿರಿ. ಟ್ರೈಪಾಡ್ ಅಲ್ಲಾಡಬಾರದು, ಫೋಕಸ್ ಮತ್ತು ಬೆಳಕು ಲಾಕ್ ಆಗಿರಬೇಕು, ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬಿಡಬಾರದು. ಇಲ್ಲದಿದ್ದರೆ ಬಣ್ಣ ಏರಿದಂತೆ ಫೋನು ತಾನೇ ಲೆಕ್ಕ ಬದಲಿಸಿ ಮೊದಲ ಚಿತ್ರಕ್ಕೂ ಕೊನೆಯದಕ್ಕೂ ಸಂಬಂಧವೇ ಇಲ್ಲದಂತೆ ಮಾಡುತ್ತದೆ. 2024ರಿಂದ ಒಂದೇ ಪೋಸ್ಟಿನಲ್ಲಿ 20 ಚಿತ್ರಗಳವರೆಗೆ ಹಾಕಬಹುದು. ಬೆರಳಾಡಿಸುತ್ತ ಹೋದಂತೆ ಎದುರು ಕೂತವರು ರಾಕ್ಷಸನಾಗುತ್ತಾರೆ. ಉದ್ದನೆಯ 4:5 ಅಳತೆಗೆ, 1080ಕ್ಕೆ 1350 ಪಿಕ್ಸೆಲ್ಲಿಗೆ ನೀವೇ ಕತ್ತರಿಸಿ ಹಾಕಿ.

ಅಡಿಬರಹದಲ್ಲಿ ಕಲಾವಿದರ ಹೆಸರು, ಮೇಳ, ಪ್ರಸಂಗ, ಪಾತ್ರ, ಊರು ಬರೆಯಿರಿ. ‘ನಮ್ಮ ಹೆಮ್ಮೆಯ ಕಲೆ’ ಅಂತ ಬರೆದು ಹತ್ತು ಹ್ಯಾಶ್‌ಟ್ಯಾಗ್ ಹಾಕಿ, ಕುಣಿದವರ ಹೆಸರೇ ಇಲ್ಲದ ಪೋಸ್ಟ್ ನೋಡಿದರೆ ನನಗೆ ಮೈ ಉರಿಯುತ್ತದೆ. ಫೋಟೊವನ್ನು ಅವರಿಗೂ ಕಳಿಸಿ, ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ಎಚ್‌ಡಿ ಆಯ್ಕೆಯೂ ಪೂರ್ತಿ ಮೂಲವಲ್ಲ. ನಾಳೆ ಅದೇ ಫೋಟೊ ಅವರ ಸನ್ಮಾನದ ಬ್ಯಾನರಿಗೆ ಹೋಗಬಹುದು, ಮೂಲ ಫೈಲಿದ್ದರೆ ಮಾತ್ರ ಅಲ್ಲಿ ಮುಖ ಒಡೆಯದೆ ಬರುತ್ತದೆ. ಡಾಕ್ಯುಮೆಂಟಿನಲ್ಲಿ ಲೊಕೇಶನ್ ಮಾಹಿತಿಯೂ ಹೋಗುತ್ತದೆ, ಮನೆಯಲ್ಲಿ ತೆಗೆದ ಫೋಟೊಗಳಿಗೆ ಅದನ್ನು ತೆಗೆದು ಕಳಿಸಿ. ಕಲಾವಿದರು ಒಪ್ಪಿದರೆ ಒಂದೆರಡನ್ನು ವಿಕಿಮೀಡಿಯ ಕಾಮನ್ಸಿಗೂ ಹಾಕಿ. ಮುಕ್ತ ಪರವಾನಗಿಯಲ್ಲಿ ಹೋಗುವುದರಿಂದ ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು ಎಂಬುದನ್ನು ಅವರಿಗೆ ಮೊದಲೇ ಬಿಡಿಸಿ ಹೇಳಿ.

ವಾಟರ್‌ಮಾರ್ಕ್? ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ಹೆಸರು ಇರಲಿ, ಬೇಡ ಎನ್ನುವುದಿಲ್ಲ. ನಡುವೆ ಅಡ್ಡಡ್ಡ ಬರೆಯಬೇಡಿ. ಇಂಥ ಫೋನಿನಲ್ಲಿ ತೆಗೆದದ್ದು ಅಂತ ಕಂಪನಿಯ ಹೆಸರು ತಾನಾಗಿ ಬೀಳುವ ಆಯ್ಕೆಯನ್ನು ಮಾತ್ರ ಇವತ್ತೇ ಆಫ್ ಮಾಡಿ.

ಯಾವ ಫೋನು ಅಂತ ನೀವು ಬರೆದಿಲ್ಲ. ಕಾಮೆಂಟಿನಲ್ಲಿ ಮಾಡೆಲ್ ಹೇಳಿದರೆ ಅದರಲ್ಲಿ ಶಟರ್ ಕೈಗೆ ಸಿಗುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ. ಮತ್ತೆ, ಮೊದಲ ಸಲ ಬರುವುದಾದರೆ ಯಾರದಾದರೂ ಮನೆಯ ಹರಕೆ ಆಟಕ್ಕೆ ಬನ್ನಿ. ಜನ ಹಿಡಿತದಲ್ಲಿರುತ್ತಾರೆ, ಚೌಕಿಗೆ ಹೋಗಲು ಮನೆಯವರದೇ ಪರಿಚಯ ಸಾಕಾಗುತ್ತದೆ. ಕಾಲಮಿತಿಯ ಆಟವಾದರೆ ಬಣ್ಣದ ಕೆಲಸ ಬೇಗ ಶುರುವಾಗುತ್ತದೆ, ಊಟಕ್ಕೆ ಕೂರದೆ ನೇರ ಚೌಕಿಗೆ ಹೋಗಿ.