ಅವ್ವನ ಬಿಪಿ ಗುಳಿಗೆ ಮಗಳಿಗಲ್ಲ

ಚೊಚ್ಚಲ ಬಸಿರು, 31ನೇ ವಾರ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.

28ನೇ ವಾರದ ತಪಾಸಣೆಯಲ್ಲಿ ಬಿಪಿ 148/96 ಇತ್ತು. ನಾಲ್ಕು ಗಂಟೆ ಬಿಟ್ಟು ನೋಡಿದರೂ 146/94. ಮೂತ್ರದಲ್ಲಿ ಪ್ರೋಟೀನ್ ಇರಲಿಲ್ಲ. ವೈದ್ಯರು ಲ್ಯಾಬೆಟಲಾಲ್ 100 ಮಿ.ಗ್ರಾಂ. ಗುಳಿಗೆಯನ್ನು ದಿನಕ್ಕೆ ಎರಡು ಸಲ ಬರೆದರು. ಹತ್ತು ದಿನದಲ್ಲಿ ಬಿಪಿ 128/82ಕ್ಕೆ ಇಳಿಯಿತು. ಅಷ್ಟರಲ್ಲಿ ಕುಬಸ ಮುಗಿದು ಆಕೆ ತವರಿಗೆ ಹೊರಟಳು. ಅಲ್ಲಿ ಗುಳಿಗೆ ತೀರಿತು. ‘ಹೆಂಗೂ ನಾರ್ಮಲ್ ಆಗೇತಲ್ಲ’ ಎಂದು ಯಾರೂ ತರಲಿಲ್ಲ.

31ನೇ ವಾರದಲ್ಲಿ ನಮ್ಮಲ್ಲಿ ಆಪ್ತಸಲಹೆಗೆ ಬಂದ ದಿನ ಬಿಪಿ 152/98. ‘ಗುಳಿಗೆ ತಗೊಳ್ತೀರಾ?’ ಎಂದರೆ ‘ಹೂಂರಿ’ ಎಂಬ ಉತ್ತರ. ಈ ಪ್ರಶ್ನೆಗೆ ಎಲ್ಲರೂ ಹೂಂ ಎನ್ನುತ್ತಾರೆ. ಗುಳಿಗೆಯ ಸ್ಟ್ರಿಪ್ ತೋರಿಸಿ ಎನ್ನಬೇಕು. ಚೀಲದಿಂದ ಹೊರಬಂದದ್ದು ಟೆಲ್ಮಿಸಾರ್ಟಾನ್ 40, ಎರಡು ಗುಳಿ ಖಾಲಿ.

‘ತಲಿ ಭಾಳ ನೋಯಾಕ ಹತ್ತಿತ್ರಿ, ಅವ್ವ ತನ್ನ ಗುಳಿಗಿ ಕೊಟ್ಳು. ಬಿಪಿ ಗುಳಿಗಿ ಎಲ್ಲಾ ಒಂದ ಅಲ್ಲೇನ್ರಿ?’

ಅಲ್ಲ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಎನಾಲಾಪ್ರಿಲ್, ರಾಮಿಪ್ರಿಲ್ ಬಸುರಿಗೆ ವರ್ಜ್ಯ. ಹೊಟ್ಟೆಯೊಳಗೆ ಕೂಸಿನ ಸುತ್ತ ಇರುವ ನೀರು ಈ ತಿಂಗಳುಗಳಲ್ಲಿ ಬಹುಪಾಲು ಕೂಸಿನ ಮೂತ್ರವೇ. ಈ ಔಷಧಗಳು ಕೂಸಿನ ಮೂತ್ರಪಿಂಡದ ಕೆಲಸ ಕುಗ್ಗಿಸುತ್ತವೆ. ನೀರು ಕಡಿಮೆಯಾದರೆ ಶ್ವಾಸಕೋಶದ ಬೆಳವಣಿಗೆಗೂ ಪೆಟ್ಟು. ಎರಡು ಗುಳಿಗೆಗೇ ಕೇಡಾಯಿತೆಂದು ಹೆದರಿಸಲಿಲ್ಲ. ಆದರೆ ಮೂರನೆಯದು ಬೇಡ ಎಂದೆವು. ತಲೆನೋವೂ ಇದ್ದುದರಿಂದ ಅಂದೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು. ಪ್ಲೇಟ್‌ಲೆಟ್, ಲಿವರ್, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಎಲ್ಲ ಸರಿಯಿದ್ದವು. ಸ್ಕ್ಯಾನ್‌ನಲ್ಲಿ ನೀರೂ ಸಾಕಷ್ಟಿತ್ತು. ವೈದ್ಯರು ಲ್ಯಾಬೆಟಲಾಲನ್ನು 200ಕ್ಕೆ ಏರಿಸಿ ಮತ್ತೆ ಶುರುಮಾಡಿದರು.

ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದು: ಬಿಪಿ ಇಳಿದದ್ದು ಗುಳಿಗೆಯ ಕೆಲಸ; ಬಿಟ್ಟರೆ ಏರುತ್ತದೆ. ಊರು ಬದಲಿಸುವ ಮುಂಚೆ ತಿಂಗಳ ಗುಳಿಗೆ ಕೈಯಲ್ಲಿರಲಿ, ತಾಯಿ ಕಾರ್ಡ್ ಜೊತೆಗಿರಲಿ, ತವರೂರಿನ ಆಶಾಗೆ ಹೋದ ದಿನವೇ ತಿಳಿಸಬೇಕು.

ಮನೆಯಲ್ಲಿ ಅಪ್ಪನ ಬಿಪಿ ಯಂತ್ರವಿತ್ತು. ಮೂತ್ರ ಮಾಡಿ ಬಂದು, ಗೋಡೆಗೊರಗಿ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲಕ್ಕೆ, ಕೈ ಎದೆಮಟ್ಟಕ್ಕೆ ಮೇಜಿನ ಮೇಲೆ. ತೋಳಿಗೆ ಸುತ್ತುವ ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ, ಬರಿ ತೋಳಿಗೆ. ಪಟ್ಟಿ ತೋಳಿಗೆ ಚಿಕ್ಕದಾದರೆ ಅಂಕಿ ಸುಳ್ಳೇ ಏರುತ್ತದೆ. ಒಂದು ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ. ಬಂದದ್ದನ್ನೆಲ್ಲ ಬರೆಯಬೇಕು, ಚೆಂದದ ಅಂಕಿ ಮಾತ್ರವಲ್ಲ.

140/90 ದಾಟಿದರೆ ಅಂದೇ ಫೋನ್. ಮೇಲಿನ ಅಂಕಿ 160 ಅಥವಾ ಕೆಳಗಿನದು 110 ಮುಟ್ಟಿದರೆ ಹದಿನೈದು ನಿಮಿಷದಲ್ಲಿ ಇನ್ನೊಮ್ಮೆ ನೋಡಿ, ಇಳಿಯದಿದ್ದರೆ 108 ಆಂಬುಲೆನ್ಸ್‌ಗೆ ಕರೆ. ಬಿಡದ ತಲೆನೋವು, ಕಣ್ಣಿಗೆ ಮಿಂಚು ಬಂದಂತೆ ಆಗುವುದು, ಬಲಪಕ್ಕೆಲುಬಿನ ಕೆಳಗೆ ನೋವು, ಉಸಿರು ಕಟ್ಟುವುದು, ಮುಖ ಏಕಾಏಕಿ ಊದುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು: ಇವಿದ್ದರೆ ಅಂಕಿ ನೋಡುತ್ತ ಕೂರಬಾರದು.

ಅತ್ತೆಮನೆಯಲ್ಲಿ ಉಪ್ಪು ಪೂರ್ತಿ ಬಿಡಿಸಿದ್ದರು. ಸಪ್ಪೆ ಗಂಜಿಯಿಂದ ಈ ಬಿಪಿ ಇಳಿಯುವುದಿಲ್ಲ; ಊಟ ಸೇರದೆ ಆಕೆ ಸೊರಗಿದ್ದಳಷ್ಟೇ. ಸಾರಿಗೆ ಹದವಾಗಿ ಉಪ್ಪಿರಲಿ, ಉಪ್ಪಿನಕಾಯಿ ಹಪ್ಪಳ ಬೇಡ. ಕ್ಯಾಲ್ಸಿಯಂ 500 ಮಿ.ಗ್ರಾಂ. ಎರಡು ಹೊತ್ತು ಊಟದ ಜೊತೆ. ಕಬ್ಬಿಣದ ಗುಳಿಗೆ ಅದಕ್ಕಿಂತ ಎರಡು ಗಂಟೆ ದೂರ.

ಹೆಚ್ಚು ಹೊತ್ತು ಹಿಡಿದದ್ದು ಬಾಣಂತನದ ಮಾತು. ಹೆರಿಗೆಯಾದರೆ ಬಿಪಿ ಹೋಯಿತೆಂದು ಅವ್ವನ ನಂಬಿಕೆ. ನಿಜವಾಗಿ ಅದು ಮೂರರಿಂದ ಆರನೇ ದಿನದ ನಡುವೆ ಮತ್ತೆ ಏರಬಹುದು. ಬಾಣಂತಿ ಆಗ ಕಿವಿಗೆ ಬಟ್ಟೆ ಕಟ್ಟಿಕೊಂಡು ಒಳಕೋಣೆಯಲ್ಲಿರುತ್ತಾಳೆ; ತಲೆ ನೋವೆಂದರೆ ‘ಗಾಳಿ ಹೊಕ್ಕೈತಿ’ ಎಂದು ಕಷಾಯ ಕುಡಿಸುತ್ತಾರೆ. ಫಿಟ್ಸ್ ಆಗಲೂ ಬರಬಹುದು. ಆಶಾ 3 ಮತ್ತು 7ನೇ ದಿನ ಕೂಸನ್ನು ನೋಡಲು ಬಂದಾಗ ತಾಯಿಯ ಬಿಪಿಯನ್ನೂ ಕೇಳಿ ನೋಡಿಸಿಕೊಳ್ಳಿ ಎಂದೆವು. ಮುಂದಿನ ಬಸಿರಿನಲ್ಲಿ 12ನೇ ವಾರಕ್ಕೇ ವೈದ್ಯರಿಗೆ ಈ ಸಂಗತಿ ಹೇಳಬೇಕು. ಬಸಿರಿನ ಬಿಪಿ ತೊಂದರೆ ತಡೆಯಲು ಆಸ್ಪಿರಿನ್ ಕೊಡುವುದಾದರೆ ಶುರುಮಾಡುವ ಕಾಲ ಅದು.

33ನೇ ವಾರದಲ್ಲಿ ಪುಸ್ತಕ ತಂದಳು. ಒಂದು ಸಾಲಿನಲ್ಲಿ 150/96, ಪಕ್ಕದಲ್ಲಿ ‘ನೀರು ಹೊತ್ತು ಬಂದ ಕೂಡ್ಲೆ’. ಅದರ ಕೆಳಗೆ 132/84, ‘ಕುಂತ ಮ್ಯಾಲೆ’. ಅವ್ವನ ಗುಳಿಗೆ ಈಗ ಬೇರೆ ಡಬ್ಬಿಯಲ್ಲಿದೆಯಂತೆ.